ಕೀಲುನೋವು ಮತ್ತು ಬೇಸಾಯದ ಮನೆ

(ಹರದನಹಳ್ಳಿ ಸುತ್ತಲಿನ ರೈತ ಕುಟುಂಬಗಳಿಗಾಗಿ ಸಿದ್ಧಪಡಿಸಿದ ಭಾಷಣದ ಬರಹರೂಪ)



ಬೇಸಾಯದ ಸಭೆಗಳಲ್ಲಿ ಸಾಮಾನ್ಯವಾಗಿ ಬೀಜ, ಗೊಬ್ಬರ, ನೀರು, ಕೀಟನಾಶಕ ಮತ್ತು ಬೆಲೆ ಇವುಗಳ ಮಾತೇ ನಡೆಯುತ್ತದೆ. ಮನೆಯ ಎತ್ತು ಕುಂಟಿದರೂ ಮಾತು ಬರುತ್ತದೆ. ಅದೇ ದಿನ ಪಶುವೈದ್ಯರಿಗೆ ಹೇಳಿಕಳಿಸುತ್ತಾರೆ. ಆದರೆ ಆ ಎತ್ತಿಗೆ ದಿನವೂ ಹುಲ್ಲು ಹಾಕುವ ಮನೆಯಾಕೆಯ ಮಂಡಿ ಬಾತು ಎರಡು ವರ್ಷವಾಗಿದ್ದರೂ ಅದು ಸಭೆಯ ಮಾತಾಗುವುದಿಲ್ಲ, ಎಷ್ಟೋ ವೇಳೆ ಮನೆಯ ಮಾತೂ ಆಗುವುದಿಲ್ಲ. "ವಯಸ್ಸಾಯಿತು, ವಾಯು ಹಿಡಿದಿದೆ" ಎಂಬ ಒಂದು ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ. ಹೀಗೆ ಮುಗಿದುಹೋದ ವಿಷಯವನ್ನು ಮತ್ತೆ ತೆರೆದು ನೋಡುವುದು ಈ ಭಾಷಣದ ಉದ್ದೇಶ.

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳು ಕೈಕೆಲಸ ಹೆಚ್ಚಾಗಿ ಬೇಡುವ ಬೆಳೆಗಳ ಸೀಮೆ. ಅರಿಶಿನ, ಸಣ್ಣ ಈರುಳ್ಳಿ, ಬಾಳೆ, ಚೆಂಡು ಹೂವು, ಸೂರ್ಯಕಾಂತಿ, ಹತ್ತಿ, ರಾಗಿ, ಜೋಳ ಇವೆಲ್ಲ ಇಲ್ಲಿ ಬೆಳೆಯುತ್ತವೆ. ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ, ಒಕ್ಕಣೆಗೆ ಯಂತ್ರ ಬಂದಿದೆ. ಆದರೆ ಕಳೆ ತೆಗೆಯುವುದು, ಅರಿಶಿನದ ಗಡ್ಡೆ ಬಿಡಿಸುವುದು, ಈರುಳ್ಳಿ ಕೀಳುವುದು, ಹೂವು ಕೊಯ್ಯುವುದು ಇವು ಇಂದಿಗೂ ಬಹುಪಾಲು ಹೆಂಗಸರ ಕೈಯಲ್ಲೇ ಇವೆ. ಅದೂ ಕುಕ್ಕುರುಗಾಲಿನಲ್ಲಿ ಕುಳಿತು ಇಲ್ಲವೇ ಸೊಂಟ ಬಗ್ಗಿಸಿ ಮಾಡತಕ್ಕ ಕೆಲಸ. ಬಹಳ ಕಾಲ ಮಂಡಿ ಮಡಿಸಿ ಕುಳಿತು ದುಡಿಯುವವರಲ್ಲಿ, ಭಾರ ಹೊರುವವರಲ್ಲಿ ಮಂಡಿ ಸವೆತ ಹೆಚ್ಚು ಎಂಬುದು ವೈದ್ಯವಿಜ್ಞಾನದಲ್ಲಿ ಸ್ಥಿರಪಟ್ಟ ಸಂಗತಿ. ಆದುದರಿಂದ ಕೀಲುನೋವು ವೈದ್ಯರಿಗೆ ಮಾತ್ರ ಸೇರಿದ ವಿಷಯವಲ್ಲ, ಬೇಸಾಯ ಕ್ರಮಕ್ಕೂ ಸೇರಿದ ವಿಷಯ.

ಒಂದು ಮನೆಯನ್ನು ಉದಾಹರಣೆಗಾಗಿ ಊಹಿಸಿಕೊಳ್ಳಬಹುದು. ಎರಡು ಎಕರೆ ಅರಿಶಿನ, ಒಂದು ಎಕರೆ ರಾಗಿ, ಎರಡು ಹಸು. ತಾಯಿಗೆ ಐವತ್ತೈದು ವರ್ಷ. ಕಳೆ ತೆಗೆಯುವ ದಿನ ಬೆಳಿಗ್ಗೆ ಜಗಲಿಯಲ್ಲಿ ಕುಳಿತ ತಾಯಿಯನ್ನು ಮಗ ಕೇಳುತ್ತಾನೆ: "ಯಾಕವ್ವ, ಇವತ್ತು ಕಳೆಗೆ ಹೋಗಿಲ್ವಾ?" ಆಕೆ ಹೇಳುತ್ತಾಳೆ: "ಮಂಡಿ ಮಡಿಸಕ್ಕೇ ಆಗ್ತಾ ಇಲ್ಲ ಕಣಪ್ಪ. ಇವತ್ತೊಂದಿನ ಬುಡು, ನಾಳೆ ಹೋಯ್ತೀನಿ." ಮರುದಿನ ಆಕೆ ಹೋಗುತ್ತಾಳೆ. ಪೆಟ್ಟಿಗೆ ಅಂಗಡಿಯಿಂದ ತಂದ ಒಂದು ಗುಳಿಗೆ ನುಂಗಿ ಹೋಗುತ್ತಾಳೆ. ಇಂತಹ ಮನೆ ಯಾವ ಊರಿನಲ್ಲಿಲ್ಲ? ಈ ಮನೆಯನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ವಿಷಯಗಳನ್ನು ಪರಿಶೀಲಿಸಬಹುದು.

ಕೀಲುನೋವೆಲ್ಲ ಒಂದೇ ರೋಗವಲ್ಲ

ಎಲೆ ಹಳದಿಯಾದರೆ ಸಾರಜನಕದ ಕೊರತೆಯೇ, ಕಬ್ಬಿಣದ ಕೊರತೆಯೇ, ನೀರು ನಿಂತದ್ದೇ, ಬೇರುಕೊಳೆಯೇ ಎಂದು ರೈತರು ಕೇಳುತ್ತಾರೆ. ಎಲ್ಲ ಹಳದಿಗೂ ಯೂರಿಯಾ ಹಾಕುವುದಿಲ್ಲ. ಕೀಲುನೋವಿನ ವಿಷಯದಲ್ಲಿಯೂ ಅದೇ ವಿವೇಕ ಬೇಕು. ಸಂಧಿವಾತ ಎಂದು ಕರೆಯುವ ರೋಗಗಳಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಅವುಗಳಲ್ಲಿ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಾಣುವ ನಾಲ್ಕನ್ನು ತಿಳಿದಿದ್ದರೆ ಸಾಕು.

ಮೊದಲನೆಯದು ಕೀಲು ಸವೆತ. ಮೂಳೆಗಳ ತುದಿಯಲ್ಲಿ ಮೆತ್ತೆಯಂತಿರುವ ಮೃದ್ವಸ್ಥಿ ಕ್ರಮೇಣ ತೆಳುವಾಗಿ ಕೀಲು ಬಿಗಿಯುತ್ತದೆ. ಸಾಮಾನ್ಯವಾಗಿ ನಲವತ್ತೈದು, ಐವತ್ತು ವರ್ಷ ದಾಟಿದವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಕೆಲಸ ಮಾಡಿದಂತೆ ನೋವು ಏರುತ್ತದೆ, ವಿಶ್ರಾಂತಿಯಿಂದ ಇಳಿಯುತ್ತದೆ. ಬೆಳಿಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ.

ಎರಡನೆಯದು ರುಮಟಾಯ್ಡ್ ಸಂಧಿವಾತ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಕೀಲುಗಳ ಒಳಪೊರೆಯ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಎರಡೂ ಕೈಗಳ ಬೆರಳ ಬುಡ, ಮಣಿಕಟ್ಟು, ಪಾದದ ಸಣ್ಣ ಕೀಲುಗಳು ಬಾಯುತ್ತವೆ. ಬೆಳಗಿನ ಬಿಗಿತ ಒಂದು ಗಂಟೆಗೂ ಮೀರಿ ಉಳಿಯುತ್ತದೆ. ಆಯಾಸ, ಹಸಿವಿಲ್ಲದಿರುವುದು, ಸಣ್ಣ ಜ್ವರ ಜೊತೆಗೂಡಬಹುದು. ಇದು ಮುಪ್ಪಿನ ರೋಗವಲ್ಲ. ಮೂವತ್ತು, ನಲವತ್ತರ ಸೊಸೆಯಂದಿರಿಗೂ ಬರುತ್ತದೆ. ಇಲ್ಲಿ ಕಾಲವೇ ಮುಖ್ಯ. ಮೊದಲ ಕೆಲವು ತಿಂಗಳುಗಳಲ್ಲಿ ಚಿಕಿತ್ಸೆ ಆರಂಭವಾದರೆ ಕೀಲುಗಳನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಹುದು. ಬೆರಳುಗಳು ಸೊಟ್ಟಗಾದ ಮೇಲೆ ಔಷಧಿಯಿಂದ ಅವನ್ನು ನೇರ ಮಾಡಲಾಗದು.

ಮೂರನೆಯದು ಯೂರಿಕ್ ಆಮ್ಲ ರಕ್ತದಲ್ಲಿ ಹೆಚ್ಚಾಗಿ ಕೀಲಿನಲ್ಲಿ ಹರಳುಗಟ್ಟುವುದರಿಂದ ಬರುವ ಗೌಟ್. ಗಂಡಸರಲ್ಲಿ ಹೆಚ್ಚು. ರಾತ್ರೋರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಾಗಿ, ಬಟ್ಟೆ ಸೋಕಿದರೂ ತಡೆಯಲಾರದಷ್ಟು ನೋಯುತ್ತದೆ. ಮದ್ಯಪಾನ ಇದನ್ನು ಹೆಚ್ಚಿಸುತ್ತದೆ.

ನಾಲ್ಕನೆಯದು ಚಿಕೂನ್‌ಗುನ್ಯಾ ಜ್ವರದ ನಂತರ ಉಳಿಯುವ ಕೀಲುನೋವು. 2006ರಲ್ಲಿ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಈ ಜ್ವರ ಹರಡಿದಾಗ ಜ್ವರ ಬಿಟ್ಟ ತಿಂಗಳುಗಳ ಮೇಲೂ ಜನ ಗೋಡೆ ಹಿಡಿದು ನಡೆದದ್ದನ್ನು ಹಿರಿಯರು ಮರೆತಿಲ್ಲ. ಇದನ್ನು ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚತಕ್ಕದ್ದು. ತೊಟ್ಟಿ, ಡ್ರಮ್, ಒಡೆದ ಟೈರುಗಳಲ್ಲಿ ನಿಂತ ನೀರಿನಲ್ಲಿ ಮೊಟ್ಟೆಯಿಡತಕ್ಕದ್ದು. ಕೊಟ್ಟಿಗೆಯ ಮುಂದಿನ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ತೊಳೆದರೆ ಮರಿಹುಳುಗಳು ಸೊಳ್ಳೆಯಾಗುವ ಮೊದಲೇ ನಾಶವಾಗುತ್ತವೆ.

ಇವಲ್ಲದೆ ಒಂದು ಎಚ್ಚರಿಕೆ. ಒಂದೇ ಕೀಲು ಇದ್ದಕ್ಕಿದ್ದಂತೆ ಬಾತು ಬಿಸಿಯಾಗಿ ಜೊತೆಗೆ ಜ್ವರವೂ ಬಂದರೆ ಅದು ಕೀಲಿನೊಳಗೆ ಕೀವು ಆಗಿರುವ ಲಕ್ಷಣವಿರಬಹುದು. ದೊಡ್ಡವರಿಗಾಗಲಿ ಮಕ್ಕಳಿಗಾಗಲಿ ಅಂದೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಎಣ್ಣೆ ತಿಕ್ಕುತ್ತ ಕಾಯಬಾರದು.

ಹಂದಿಗೋಡಿನ ಪಾಠ

ಕೀಲುನೋವಿಗೆ ಕಾರಣವನ್ನು ಅವಸರದಲ್ಲಿ ಹೇಳಬಾರದು ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ದೊಡ್ಡ ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ 1974-75ರ ಸುಮಾರಿಗೆ ಒಂದು ವಿಚಿತ್ರ ಬೇನೆ ಹೊರಗಿನವರ ಗಮನಕ್ಕೆ ಬಂತು. ಚನ್ನಂಗಿ ಮತ್ತು ಛಲವಾದಿ ಜನಾಂಗದ ಕೃಷಿಕೂಲಿ ಕುಟುಂಬಗಳಲ್ಲಿ ಸೊಂಟದ ಕೀಲು, ಮಂಡಿ, ಬೆನ್ನು ನೋಯಲಾರಂಭಿಸಿ, ಕ್ರಮೇಣ ನಡಿಗೆ ಕುಂಟಾಗಿ, ಕೆಲವರು ನೆಲದ ಮೇಲೆ ತೆವಳುವ ಸ್ಥಿತಿಗೆ ಬಂದರು. ಕೆಲವರ ಬೆಳವಣಿಗೆ ಕುಂಠಿತವಾಗಿ ಕುಳ್ಳಾಗಿದ್ದರು. ಗದ್ದೆಯಲ್ಲಿ ನಾಟಿ ಹಾಕಿ ಬದುಕುತ್ತಿದ್ದವರಿಗೆ ಬಗ್ಗಲು ಆಗದಿದ್ದ ಮೇಲೆ ಕೂಲಿ ಎಲ್ಲಿಯದು?

ಆಗ ಎಲ್ಲೆಡೆ ಕೇಳಿಬಂದ ವಿವರಣೆ ಎಂದರೆ, ಗದ್ದೆಗೆ ಸಿಂಪಡಿಸಿದ ಕೀಟನಾಶಕ ಏಡಿ, ಮೀನುಗಳಲ್ಲಿ ಸೇರಿ, ಅವನ್ನು ತಿಂದ ಬಡವರಿಗೆ ಈ ರೋಗ ಬಂದಿದೆ ಎಂಬುದು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿ 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರ್ಣಿಸಿದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ ಅಧ್ಯಯನಗಳು ಇದು ವಂಶವಾಹಿಯ ಮೂಲಕ ಬರುವ ಮೂಳೆ ಬೆಳವಣಿಗೆಯ ದೋಷ ಎಂದು ತೋರಿಸಿದವು. ತಂದೆ ತಾಯಿಯರಲ್ಲಿ ಒಬ್ಬರಿಗೆ ಈ ದೋಷವಿದ್ದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ಬರುವ ಸಂಭವ ಎರಡರಲ್ಲಿ ಒಂದು. ಇದಕ್ಕೆ ಹಂದಿಗೋಡು ರೋಗ ಎಂಬ ಹೆಸರೇ ಉಳಿಯಿತು. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಇತರ ಹಳ್ಳಿಗಳಲ್ಲಿಯೂ ಇದು ಕಂಡುಬಂತು.

ಇದರಿಂದ ಕಲಿಯಬೇಕಾದ ಪಾಠಗಳು ಮೂರು. ಕಣ್ಣಿಗೆ ಸರಿಯೆನಿಸಿದ ಕಾರಣವೇ ನಿಜವಾದ ಕಾರಣವಾಗಿರಬೇಕಿಲ್ಲ. ಪರೀಕ್ಷೆಯೇ ತೀರ್ಪು ಹೇಳಬೇಕು. ಹಾಗೆಂದು ಗದ್ದೆಗೆ ಹೊಡೆದ ವಿಷ ನಿರಪಾಯವೆಂದು ಅರ್ಥವಲ್ಲ. ಅದರ ಅಪಾಯಗಳು ಬೇರೆ, ಅವಕ್ಕೆ ತೆಗೆದುಕೊಳ್ಳಬೇಕಾದ ಎಚ್ಚರಿಕೆ ಇದ್ದೇ ಇದೆ. ಎರಡನೆಯದಾಗಿ, ವಂಶದಲ್ಲಿ ಬರುವ ರೋಗ ಶಾಪವಲ್ಲ, ಅಂಟುರೋಗವೂ ಅಲ್ಲ; ಅಂಥ ಮನೆಯ ನೀರು ಮುಟ್ಟದಿರುವುದು ಅಜ್ಞಾನ. ಮೂರನೆಯದಾಗಿ, ಒಂದು ರೋಗಕ್ಕೆ ಪೂರ್ತಿ ಗುಣಪಡಿಸುವ ಔಷಧಿ ಇಲ್ಲದಿದ್ದರೂ ಮಾಡಬಹುದಾದ ಕೆಲಸ ಬಹಳವಿರುತ್ತದೆ. ಊರುಗೋಲು, ವ್ಯಾಯಾಮ, ಅಗತ್ಯವಿದ್ದಲ್ಲಿ ಶಸ್ತ್ರಚಿಕಿತ್ಸೆ, ಬಗ್ಗದೆ ಮಾಡಬಹುದಾದ ಉದ್ಯೋಗ, ನೆರೆಯವರ ನೆರವು ಇವೂ ಚಿಕಿತ್ಸೆಯ ಭಾಗಗಳೇ.

ಅರಿಶಿನ ಬೆಳೆಯುವವರಿಗೆ ಅರಿಶಿನವೇ ಮದ್ದೆ?

ಈ ಸೀಮೆಯಲ್ಲಿ ಕೀಲುನೋವಿನ ಮಾತು ಎತ್ತಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ವಸ್ತುವಿಗೆ ಉರಿಯೂತವನ್ನು ತಗ್ಗಿಸುವ ಗುಣವಿದೆ. ಅದರ ಸಾರವನ್ನು ಗುಳಿಗೆಯಾಗಿ ಕೊಟ್ಟು ನಡೆಸಿದ ಕೆಲವು ಸಣ್ಣ ಪ್ರಯೋಗಗಳಲ್ಲಿ ಮಂಡಿ ಸವೆತದ ನೋವು ಸ್ವಲ್ಪಮಟ್ಟಿಗೆ ಕಡಮೆಯಾದದ್ದೂ ಉಂಟು.

ಆದರೆ ಲೆಕ್ಕ ಹಾಕಿ ನೋಡಬೇಕು. ತಳಿಯನ್ನು ಅನುಸರಿಸಿ ಒಣ ಅರಿಶಿನದಲ್ಲಿ ಕರ್ಕ್ಯುಮಿನ್ ಸುಮಾರು ನೂರಕ್ಕೆ 2ರಿಂದ 6 ಭಾಗ. ನೂರಕ್ಕೆ 3 ಭಾಗವೆಂದು ಹಿಡಿದರೆ, ದಿನದ ಸಾರು, ಪಲ್ಯಗಳಲ್ಲಿ ಒಬ್ಬರು ತಿನ್ನುವ 2 ಗ್ರಾಂ ಅರಿಶಿನದಲ್ಲಿ ಅದು 60 ಮಿಲಿಗ್ರಾಂ ಮಾತ್ರ. ಪ್ರಯೋಗಗಳಲ್ಲಿ ಕೊಟ್ಟದ್ದು ಸಾಮಾನ್ಯವಾಗಿ ದಿನಕ್ಕೆ 500ರಿಂದ 1500 ಮಿಲಿಗ್ರಾಂ. ಅಷ್ಟು ಪಡೆಯಲು ಹಿಡಿಹಿಡಿ ಅರಿಶಿನ ತಿನ್ನಬೇಕು. ತಿಂದರೂ ಕರುಳು ಅದನ್ನು ಬಹಳ ಕಡಮೆ ಹೀರಿಕೊಳ್ಳುತ್ತದೆ. ಇನ್ನು ಸಾಂದ್ರ ಸಾರದ ಗುಳಿಗೆಗಳು ಕೆಲವರ ಯಕೃತ್ತಿಗೆ ತೊಂದರೆ ಕೊಟ್ಟದ್ದೂ ವರದಿಯಾಗಿದೆ. ರಕ್ತ ತೆಳುಮಾಡುವ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಅವನ್ನು ಮುಟ್ಟಬಾರದು. ಅಡುಗೆಯ ಅರಿಶಿನ ಒಳ್ಳೆಯದೇ, ಇರಲಿ. ಅದನ್ನು ನಂಬಿ ರುಮಟಾಯ್ಡ್ ರೋಗದ ಚಿಕಿತ್ಸೆಯನ್ನು ಮಾತ್ರ ಮುಂದೂಡಬಾರದು. ಎಕ್ಕದ ಎಲೆ ಕಟ್ಟುವುದು, ಬಿಸಿನೀರಿನ ಶಾಖ, ಎಣ್ಣೆ ನೀವುವುದು ಇವುಗಳಿಗೂ ಇದೇ ಮಾತು ಸಲ್ಲುತ್ತದೆ. ಹಿತವೆನಿಸಿದರೆ ಮಾಡಬಹುದು, ಎಕ್ಕದ ಹಾಲು ಚರ್ಮಕ್ಕೆ, ಅದರಲ್ಲೂ ಕಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು.

ಗುರುತಿಲ್ಲದ ಗುಳಿಗೆ

ಬಿತ್ತನೆ ಬೀಜ ಕೊಳ್ಳುವಾಗ ರೈತ ಚೀಲದ ಮೇಲಿನ ಚೀಟಿ ನೋಡುತ್ತಾನೆ. ಆದರೆ ನೋವಿಗೆ ತರುವ ಪುಡಿ, ಗುಳಿಗೆಗಳ ಮೇಲೆ ಹೆಸರೂ ಇರುವುದಿಲ್ಲ, ಕೇಳುವವರೂ ಇಲ್ಲ. ಒಂದು ಪುಡಿ ತಿಂದ ಮರುದಿನವೇ ನೋವು ಮಾಯವಾಗಿ ಹಸಿವು ಹೆಚ್ಚಿದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದೆಂದು ಶಂಕಿಸಬೇಕು. ವೈದ್ಯರು ಅಳೆದು, ಕಾಲ ಗೊತ್ತುಮಾಡಿ ಕೊಟ್ಟರೆ ಸ್ಟೀರಾಯ್ಡ್ ಉಪಯುಕ್ತ ಔಷಧಿಯೇ. ಗೊತ್ತಿಲ್ಲದೆ ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಸಕ್ಕರೆ ಕಾಯಿಲೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಬಹುಕಾಲ ತಿಂದವರು ಥಟ್ಟನೆ ನಿಲ್ಲಿಸುವುದೂ ಅಪಾಯ. ವೈದ್ಯರಿಗೆ ತೋರಿಸಿ ಹಂತಹಂತವಾಗಿ ಇಳಿಸಬೇಕು.

ಸಾಧಾರಣ ನೋವಿನ ಗುಳಿಗೆಗಳೂ ಆಟದ ವಸ್ತುಗಳಲ್ಲ. ಡೈಕ್ಲೋಫಿನಾಕ್ ಎಂಬ ಔಷಧಿಯನ್ನು ದನಗಳಿಗೆ ಕೊಡುತ್ತಿದ್ದಾಗ, ಸತ್ತ ದನಗಳನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಲಕ್ಷಗಟ್ಟಲೆ ಸತ್ತವು. 2006ರಲ್ಲಿ ಭಾರತದಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧವಾಯಿತು. ಮನುಷ್ಯನ ದೇಹ ರಣಹದ್ದಿನಂತಲ್ಲವೆಂಬುದು ನಿಜ. ಆದರೂ ಈ ಜಾತಿಯ ಗುಳಿಗೆಗಳನ್ನು ಬರಿಹೊಟ್ಟೆಯಲ್ಲಿ, ದಿನವೂ, ಯಾರನ್ನೂ ಕೇಳದೆ ನುಂಗಿದರೆ ಜಠರದಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ರಕ್ತದೊತ್ತಡ ಏರಬಹುದು, ಮೂತ್ರಪಿಂಡ ಕೆಡಬಹುದು. ಬಿಸಿಲಿನಲ್ಲಿ ನೀರು ಕುಡಿಯದೆ ದುಡಿಯುವವರಿಗೆ ಈ ಅಪಾಯ ಇನ್ನೂ ಹೆಚ್ಚು.

ಇನ್ನೊಂದು ಮಾತನ್ನು ವಿಸ್ತರಣಾ ಕಾರ್ಯಕರ್ತರೂ ಆಶಾ ಕಾರ್ಯಕರ್ತೆಯರೂ ಮನೆಮನೆಗೆ ಮುಟ್ಟಿಸಬೇಕು. ರುಮಟಾಯ್ಡ್ ರೋಗಕ್ಕೆ ಮುಖ್ಯವಾಗಿ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಔಷಧಿಯನ್ನು ವಾರಕ್ಕೆ ಒಂದೇ ದಿನ ಸೇವಿಸತಕ್ಕದ್ದು. ದಿನವೂ ಸೇವಿಸಿದರೆ ಪ್ರಾಣಕ್ಕೇ ಅಪಾಯ. ಸಂತೆಯ ದಿನವನ್ನೋ ಸೋಮವಾರವನ್ನೋ ಗೊತ್ತುಮಾಡಿಕೊಂಡು ಮನೆಯ ಪಂಚಾಂಗದಲ್ಲಿ ಗುರುತು ಹಾಕಬೇಕು. ಓದಲು ಬಾರದ ಹಿರಿಯರಿದ್ದರೆ ಮನೆಯ ಮಗನೋ ಮೊಮ್ಮಗಳೋ ಆ ಹೊಣೆ ಹೊರಬೇಕು. ಗರ್ಭಿಣಿಯರು ಇದನ್ನು ಸೇವಿಸಕೂಡದು. ಮಕ್ಕಳು ಬೇಕೆನ್ನುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಹೇಳಿದ ಕಾಲಕ್ಕೆ ರಕ್ತಪರೀಕ್ಷೆ ತಪ್ಪಿಸಬಾರದು, ಮದ್ಯ ಮುಟ್ಟಬಾರದು.

ಹೊಲದ ಕೆಲಸವನ್ನು ಕೀಲಿಗೆ ಹೊಂದಿಸುವುದು

ಇದು ಕೃಷಿಕರೇ ಮಾಡತಕ್ಕ ಚಿಕಿತ್ಸೆ. ಅರಿಶಿನ ಏಪ್ರಿಲ್‌ನಿಂದ ಜೂನ್‌ವರೆಗೆ ನಾಟಿಯಾಗಿ ಏಳರಿಂದ ಒಂಬತ್ತು ತಿಂಗಳು ನೆಲದಲ್ಲಿರುವ ಬೆಳೆ. ಮೊದಲ ಮೂರು ನಾಲ್ಕು ತಿಂಗಳು ಅದು ನಿಧಾನವಾಗಿ ಬೆಳೆಯುವುದರಿಂದ ಕಳೆಯ ಕಾಟ ಆಗಲೇ ಹೆಚ್ಚು. ನಾಟಿ ಮಾಡಿದ ಕೂಡಲೇ ಎಕರೆಗೆ ಸುಮಾರು 5 ಟನ್ ಹಸಿರೆಲೆ ಹೊದಿಕೆ ಹಾಕಿದರೆ ತೇವ ಉಳಿಯುವುದಲ್ಲದೆ ಕಳೆಯೂ ಅಡಗುತ್ತದೆ. ಅಷ್ಟು ಸೊಪ್ಪು ಸಿಗದ ಕಡೆ ಸಿಕ್ಕಷ್ಟರ ಜೊತೆಗೆ ಒಣಹುಲ್ಲು, ಕಬ್ಬಿನ ಸೋಗೆ ಬಳಸಬಹುದು. ಸೊಪ್ಪು ಹೊತ್ತು ಹರಡುವುದೂ ಶ್ರಮವೇ. ಆದರೆ ಅದು ಗಟ್ಟಿಮುಟ್ಟಾದವರು ನಿಂತು ಮಾಡುವ ಎರಡು ಮೂರು ದಿನದ ಕೆಲಸ. ಅದರಿಂದ ಉಳಿಯುವುದು ಕುಕ್ಕುರುಗಾಲಿನಲ್ಲಿ ಕಳೆಯಬೇಕಾಗಿದ್ದ ಎಷ್ಟೋ ದಿನಗಳು.

ಅರಿಶಿನದ ಸಾಲುಗಳ ನಡುವೆ ಸಣ್ಣ ಈರುಳ್ಳಿಯನ್ನು ಮಿಶ್ರಬೆಳೆಯಾಗಿ ಹಾಕುವ ಪದ್ಧತಿ ಲಾಭದಾಯಕವೇ. ಆದರೆ ಸಾಲಿನ ನಡುವೆ ಈರುಳ್ಳಿ ನಿಂತ ಮೇಲೆ ಎಡೆಕುಂಟೆಗಾಗಲಿ ಸೈಕಲ್ ಕುಂಟೆಗಾಗಲಿ ದಾರಿ ಇರುವುದಿಲ್ಲ. ಕಳೆಯೆಲ್ಲ ಕೈಯಿಂದಲೇ ತೆಗೆಯಬೇಕು. ಆದುದರಿಂದ ಮಿಶ್ರಬೆಳೆಯ ಲಾಭ ಲೆಕ್ಕ ಹಾಕುವಾಗ "ಕಳೆ ತೆಗೆಯುವವರು ಯಾರು, ಅವರ ಮಂಡಿ ಹೇಗಿದೆ" ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು. ಮನೆಯಲ್ಲಿ ಕೀಲುನೋವಿನವರಿದ್ದು ಕೂಲಿಯಾಳು ಸಿಗದಿದ್ದರೆ, ಜಮೀನಿನ ಒಂದು ಭಾಗದಲ್ಲಾದರೂ 45 ಸೆಂಟಿಮೀಟರ್ ಸಾಲು ಬಿಟ್ಟು ನಡುವೆ ಖಾಲಿ ಇಟ್ಟು, ನಿಂತುಕೊಂಡೇ ತಳ್ಳುವ ಸೈಕಲ್ ಕುಂಟೆ ಬಳಸಬಹುದು. ರಾಗಿಯನ್ನು ಚೆಲ್ಲುವ ಬದಲು ಕೂರಿಗೆಯಿಂದ ಸಾಲಿಗೆ ಬಿತ್ತಿದರೆ ಅಲ್ಲಿಯೂ ಕುಂಟೆ ಹಾಯುತ್ತದೆ.

ಉಪಕರಣದ ಹಿಡಿ ಮುಖ್ಯ. ಉದ್ದ ಹಿಡಿಯಿದ್ದರೆ ನಿಂತು ಕೆಲಸ ಮಾಡಬಹುದು. ಬೆರಳುನೋವಿನವರಿಗೆ ಸಣ್ಣ ಹಿಡಿಯನ್ನು ಬಿಗಿಯಾಗಿ ಹಿಡಿಯುವುದೇ ಕಷ್ಟ. ಕುಡುಗೋಲಿನ ಹಿಡಿಗೆ ಹಳೆಯ ಸೈಕಲ್ ಟ್ಯೂಬು ಅಥವಾ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಹಿಡಿತ ಹಗುರವಾಗುತ್ತದೆ. ಖರ್ಚಿಲ್ಲದ ಕೆಲಸ. ಕುಳಿತೇ ಕಳೆ ತೆಗೆಯಬೇಕಾದಾಗ ಗೇಣುದ್ದ ಎತ್ತರದ ಮಣೆಯನ್ನು ಜೊತೆಗೊಯ್ದರೆ ಮಂಡಿ ಪೂರ್ತಿ ಮಡಿಯುವುದು ತಪ್ಪುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದನ್ನು ಸೋಮಾರಿತನವೆಂದು ಯಾರೂ ಎಣಿಸಬಾರದು.

ಕೊಯ್ಲಿನಲ್ಲಿ ಟ್ರ್ಯಾಕ್ಟರ್‌ಗೆ ಜೋಡಿಸುವ ಅಗೆಯುವ ಸಾಧನವನ್ನೂ, ಬೇಯಿಸಲು ಬಾಡಿಗೆಯ ಹಬೆ ಬಾಯ್ಲರನ್ನೂ, ಹೊಳಪು ಕೊಡಲು ಯಂತ್ರದ ಪೀಪಾಯಿಯನ್ನೂ ಬಳಸಬಹುದು. ಉಳಿಯುವುದು ತಾಯಿಗಡ್ಡೆಯಿಂದ ಬೆರಳುಗಡ್ಡೆ ಬಿಡಿಸುವ ಕೆಲಸ. ಇದನ್ನು ನೆಲದ ಮೇಲೆ ರಾಶಿ ಹಾಕಿ ಕುಕ್ಕುರುಗಾಲಿನಲ್ಲಿ ಮಾಡಬೇಕೆಂಬ ನಿಯಮವೇನೂ ಇಲ್ಲ. ಎರಡು ಡ್ರಮ್ಮುಗಳ ಮೇಲೆ ಒಂದು ಹಲಗೆ ಹಾಸಿ, ಮುಂದೆ ಬೆಂಚು ಇಟ್ಟರೆ ಸೊಂಟದೆತ್ತರಕ್ಕೆ ಕೆಲಸ ಬರುತ್ತದೆ. ಬಾಡಿಗೆ ಯಂತ್ರಗಳ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿಯೂ ಕೃಷಿ ಯಂತ್ರಧಾರೆ ಕೇಂದ್ರದಲ್ಲಿಯೂ, ಉಪಕರಣಗಳ ಬಗ್ಗೆ ಹರದನಹಳ್ಳಿ ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ವಿಚಾರಿಸಬಹುದು.

ಭಾರದ ವಿಷಯ. 16 ಲೀಟರಿನ ಬೆನ್ನು ಸಿಂಪರಣಾ ಯಂತ್ರ ತುಂಬಿದಾಗ ಸುಮಾರು 20 ಕಿಲೋ ತೂಗುತ್ತದೆ. ಕೀಲುನೋವಿನವರು ಅದನ್ನು ಅರ್ಧ ತುಂಬಬೇಕು, ಇಲ್ಲವೇ ಬೇರೆಯವರಿಗೆ ಬಿಡಬೇಕು. 45 ಕಿಲೋ ಯೂರಿಯಾ ಮೂಟೆಯನ್ನು ಹೊಲದ ಬದುವಿನಲ್ಲೇ ಬಿಚ್ಚಿ ಬುಟ್ಟಿಗಳಲ್ಲಿ ಒಯ್ಯಬೇಕು. ದೇಹದ ಭಾರವೂ ಭಾರವೇ. ಮೈತೂಕ ಹೆಚ್ಚಿರುವವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲೆ ಬೀಳುವ ಒತ್ತಡ ಸುಮಾರು ನಾಲ್ಕು ಕಿಲೋ ಕಡಮೆಯಾಗುತ್ತದೆ ಎಂದು ಅಳೆದು ಕಂಡುಕೊಂಡಿದ್ದಾರೆ.

ಮನೆಯೊಳಗೆ

ಹೊಲದಿಂದ ಬಂದ ಮೇಲೆ ಹೆಂಗಸಿನ ಕೆಲಸ ಮುಗಿಯುವುದಿಲ್ಲ. ಒಲೆಯನ್ನು ನೆಲದಿಂದ ಕಟ್ಟೆಯ ಮೇಲೆ ಏರಿಸಬೇಕು. ರಾಗಿ ಮುದ್ದೆ ತಿರುವುವುದಕ್ಕೆ ಮಣಿಕಟ್ಟಿನ ಬಲ ಬೇಕು. ಆ ಕೆಲಸವನ್ನು ಮಗನೋ ಗಂಡನೋ ಮಾಡಿದರೆ ಮನೆತನದ ಮಾನವೇನೂ ಹೋಗುವುದಿಲ್ಲ. ಬಿಂದಿಗೆಯನ್ನು ತುಂಬ ತುಂಬುವ ಬದಲು ಅರ್ಧ ತುಂಬಿ ಎರಡು ಸಲ ತರಬಹುದು. ಬೆರಳು ಬಾತವರಿಗೆ ಹಾಲು ಕರೆಯುವುದು ಬಹಳ ಹಿಂಸೆ. ಆ ಕೆಲಸವನ್ನು ಮೊದಲು ಬದಲಿಸಬೇಕು. ಕಕ್ಕಸಿಗೆ ಕುರ್ಚಿಯಂತಹ ಎತ್ತರದ ಪೀಠ ಇಟ್ಟು ಗೋಡೆಗೆ ಹಿಡಿಯಲು ಒಂದು ಕಬ್ಬಿಣದ ಪೈಪು ನಿಲ್ಲಿಸಿದರೆ, ಹೇಳಿಕೊಳ್ಳಲು ನಾಚುವ ದೊಡ್ಡ ಕಷ್ಟವೊಂದು ಅಲ್ಲಿಗೆ ತೀರುತ್ತದೆ. ಇದಕ್ಕಾಗಿಯೇ ದಿನವಿಡೀ ನೀರು ಕುಡಿಯದೆ ಇರುವ ಹಿರಿಯ ಹೆಂಗಸರಿದ್ದಾರೆ ಎಂಬುದನ್ನು ಗಂಡಸರು ತಿಳಿಯಬೇಕು.

ನೋವಿದೆಯೆಂದು ಪೂರ್ತಿ ಮಲಗಿಬಿಡುವುದೂ ತಪ್ಪು. ಓಡಾಡದ ಕೀಲು ಬೇಗ ಬಿಗಿಯುತ್ತದೆ. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೇರಕ್ಕೆ ಚಾಚಿ, ಐದು ಎಣಿಸುವವರೆಗೆ ಹಾಗೇ ಹಿಡಿದು, ಮೆಲ್ಲಗೆ ಇಳಿಸಬೇಕು. ಒಂದೊಂದು ಕಾಲಿಗೆ ಹತ್ತು ಸಲ, ಬೆಳಿಗ್ಗೆ ಮತ್ತು ಸಂಜೆ. ತೊಡೆಯ ಸ್ನಾಯು ಬಲಗೊಂಡರೆ ಮಂಡಿಗೆ ಆಸರೆಯಾಗುತ್ತದೆ. ಊರುಗೋಲು ಹಿಡಿಯುವವರು ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಬಲ ಮಂಡಿ ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು. ಬಹಳ ಮಂದಿ ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

ಜೊತೆಗಿರುವವರ ಕರ್ತವ್ಯ

ಕೀಲುನೋವು ಹೊರಗೆ ಕಾಣುವುದಿಲ್ಲ. ನಿನ್ನೆ ಓಡಾಡಿದವಳು ಇಂದು ಏಳಲಾರಳು. ನೋಡುವವರಿಗೆ ಇದು ನೆಪದಂತೆ ಕಾಣುತ್ತದೆ. ಸೊಸೆಗೆ ಈ ರೋಗವಾದರೆ ಅತ್ತೆ ಹಾಗೆನ್ನಬಹುದು, ಅತ್ತೆಗಾದರೆ ಸೊಸೆ ಹಾಗೆನ್ನಬಹುದು. ಏರಿಳಿತವೇ ಈ ರೋಗಗಳ ಸ್ವಭಾವವೆಂದು ಮನೆಯವರೆಲ್ಲ ಒಮ್ಮೆ ತಿಳಿದುಕೊಂಡರೆ ಅರ್ಧ ಜಗಳ ನಿಲ್ಲುತ್ತದೆ. ಆಸರೆ ಕೊಡುವವರೂ ದಣಿಯುತ್ತಾರೆ ಎಂಬುದನ್ನು ಮರೆಯಬಾರದು. ಎಲ್ಲವನ್ನೂ ಒಬ್ಬ ಸೊಸೆಯ ಮೇಲೆಯೇ ಹಾಕಿದರೆ ಹತ್ತು ವರ್ಷದಲ್ಲಿ ಅವಳ ಮಂಡಿಯೂ ಅದೇ ದಾರಿ ಹಿಡಿಯುತ್ತದೆ.

ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಇತ್ತು, ಕೆಲವೆಡೆ ಇಂದಿಗೂ ಇದೆ. ಇವರ ಹೊಲಕ್ಕೆ ಅವರು, ಅವರ ಹೊಲಕ್ಕೆ ಇವರು. ಕೀಲುನೋವು ಬಂದವರು ಮುಯ್ಯಿ ತೀರಿಸಲಾಗದೆಂದು ಹಿಂದೆ ಸರಿಯುತ್ತಾರೆ. ಮುಯ್ಯಿಯನ್ನು ಬಗ್ಗುವ ಕೆಲಸದಲ್ಲೇ ತೀರಿಸಬೇಕೆಂದೇನೂ ಇಲ್ಲ. ಬೀಜ ಆರಿಸಿಕೊಡುವುದು, ಆಳುಗಳಿಗೆ ಅಡುಗೆ, ಕೂಸುಗಳನ್ನು ನೋಡಿಕೊಳ್ಳುವುದು, ಸಂಘದ ಲೆಕ್ಕ ಬರೆಯುವುದು ಇವೂ ಸಮಸಮ ಮುಯ್ಯಿಯೇ. ಸ್ತ್ರೀಶಕ್ತಿ ಸಂಘಗಳು ಹೀಗೆ ಕೆಲಸ ಹಂಚಿಕೊಳ್ಳಬಹುದು. ಸೈಕಲ್ ಕುಂಟೆ, ಹಲಗೆ, ಬೆಂಚುಗಳನ್ನು ಸಂಘದಿಂದಲೇ ಕೊಂಡು ಸರದಿಯಲ್ಲಿ ಬಳಸಬಹುದು. ತೋಂಟದ ಸಿದ್ಧಲಿಂಗ ಯತಿಗಳು ಹುಟ್ಟಿದ ಊರು ಹರದನಹಳ್ಳಿ. ಶರಣ ಪರಂಪರೆಯಲ್ಲಿ ಕಾಯಕಗಳಲ್ಲಿ ಮೇಲು ಕೀಳಿಲ್ಲ. ಕುಳಿತು ಬೀಜ ಆರಿಸುವವರ ಕಾಯಕ ನೇಗಿಲು ಹಿಡಿಯುವವರ ಕಾಯಕಕ್ಕಿಂತ ಕಡಮೆಯೆಂದು ಈ ನೆಲದಲ್ಲಿ ಯಾರೂ ಹೇಳಬಾರದು.

ಆರು ವಾರಕ್ಕೂ ಮೀರಿದ ಕೀಲುಬಾವು, ಒಂದು ಗಂಟೆಗೂ ಮೀರಿದ ಬೆಳಗಿನ ಬಿಗಿತ ಇದ್ದವರನ್ನು ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು, ಅಲ್ಲಿಂದ ಬರೆಸಿಕೊಂಡು ಜಿಲ್ಲಾ ಮಟ್ಟದ ಆಸ್ಪತ್ರೆಗೆ ತೋರಿಸಬೇಕು. 2016ರಿಂದ ಚಾಮರಾಜನಗರದಲ್ಲೇ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಮಂಡಿ ಪೂರ್ತಿ ಸವೆದು ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಬೇಕೆಂದಾದರೆ, 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತಮಗೆ ಸಿಗುವ ನೆರವೆಷ್ಟು ಎಂಬುದನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಕೇಳಿ ತಿಳಿಯಬೇಕು. ಸಾಲ ಮಾಡುವ ಮೊದಲು ಕೇಳಬೇಕು. ನಡೆಯಲು, ಕೈಯಾಡಿಸಲು ಶಾಶ್ವತವಾಗಿ ಕಷ್ಟವಾದವರು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ವೈದ್ಯಕೀಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ನ್ಯೂನತೆ ನೂರಕ್ಕೆ 40 ಅಥವಾ ಹೆಚ್ಚೆಂದು ಪ್ರಮಾಣಪತ್ರ ದೊರೆತರೆ ಹಲವು ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ.

ಕೊನೆಯದಾಗಿ ಮೊದಲು ಹೇಳಿದ ಮನೆಗೆ ಹಿಂದಿರುಗಬಹುದು. "ನಾಳೆ ಹೋಯ್ತೀನಿ" ಎಂದ ತಾಯಿಗೆ ಮಗ ಕೊಡಬಹುದಾದ ಉತ್ತರಗಳು ಎರಡು. ಸುಮ್ಮನೆ ಹೊಲಕ್ಕೆ ಹೊರಟುಹೋಗುವುದು ಒಂದು. "ನಾಳೆ ಕಳೆ ಇರ್ಲಿ ಕಣವ್ವ. ಮೊದ್ಲು ಆಸ್ಪತ್ರೆಗೆ ಹೋಗಿ ತೋರಿಸ್ಕಂಡು ಬರಾಣ. ಕುಂಟೆ ನಾನು ಹೊಡೀತೀನಿ" ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಒಂದು ದಿನದ ಕೆಲಸ ಕೆಡುತ್ತದೆ, ಬಸ್ಸಿನ ಚಾರ್ಜು ಆಗುತ್ತದೆ. ಮೊದಲನೆಯದಕ್ಕೆ ಆಗುವ ಖರ್ಚು ಆ ದಿನ ಕಾಣುವುದಿಲ್ಲ. ಕೆಲವು ವರ್ಷಗಳ ಮೇಲೆ, ಅಡುಗೆಮನೆಯಿಂದ ಅಂಗಳಕ್ಕೆ ಬರಲೂ ಇನ್ನೊಬ್ಬರ ಕೈ ಹಿಡಿಯಬೇಕಾದಾಗ ಕಾಣುತ್ತದೆ.

ಈ ಮಾತುಗಳನ್ನು ಕೇಳಿದವರು, ಓದಿದವರು ಇಂದು ಸಂಜೆ ಮನೆಯಲ್ಲಿ ಒಂದು ಕೆಲಸ ಮಾಡಬೇಕು. ಬೆಳಿಗ್ಗೆ ಎದ್ದಾಗ ಯಾರಿಗೆ ಎಲ್ಲಿ ನೋವು, ಬಿಗಿತ ಎಷ್ಟು ಹೊತ್ತು ಇರುತ್ತದೆ, ಯಾವ ಕೆಲಸ ಮಾಡಲು ಆಗುತ್ತಿಲ್ಲ ಎಂದು ಕೇಳಿ, ಒಂದು ಚೀಟಿಯಲ್ಲಿ ಬರೆದಿಡಬೇಕು. ವೈದ್ಯರಿಗೆ ಬೇಕಾದ ಮೊದಲ ವಿವರ ಅದೇ. ಮುಂದಿನ ಹಂಗಾಮಿಗೆ ಬೆಳೆ ಯೋಜನೆ ಮಾಡುವಾಗಲೂ ಆ ಚೀಟಿ ಕೈಯಲ್ಲಿರಲಿ.